ಬೆಳ್ಳಿ ನೀರು ಕುಡಿಸಿದ ಟೀಪಾಟು: ಲೇಪನ, ಕಪ್ಪು, ಸವೆತ

ಬೆಳ್ಳಿ ಲೇಪನದ ಟೀಪಾಟು ಎಂದರೆ ಅಗ್ಗದ ಲೋಹದಲ್ಲಿ ಮಾಡಿ, ಮೇಲೆ ಅಪ್ಪಟ ಬೆಳ್ಳಿಯ ತೆಳುಪದರ ಕೂಡಿಸಿದ ಚಹಾ ಪಾತ್ರೆ. ಚಹಾ ಹಿಡಿಯುವ ಹೊಟ್ಟೆ, ಬಗ್ಗಿಸಿ ಸುರಿಯುವ ಸೊಂಡಿಲು, ಹಿಡಿಕೆ, ಮುಚ್ಚಳ, ಮುಚ್ಚಳದ ಮೇಲಿನ ಗುಬ್ಬಿ, ಮುಚ್ಚಳವನ್ನು ಹೊಟ್ಟೆಗೆ ಜೋಡಿಸುವ ಬಿಜಾಗರಿ, ಅಡಿಯ ಕಾಲುಗಳು ಇದರ ಭಾಗಗಳು. ಕಣ್ಣಿಗೆ ಕಾಣುವುದೆಲ್ಲ ಬೆಳ್ಳಿಯೇ ಆದರೂ ತೂಕದಲ್ಲಿ ಬೆಳ್ಳಿಯ ಪಾಲು ಕೆಲವೇ ಗ್ರಾಂ. ಹಳೆಯ ಟೀಪಾಟಿನ ಸ್ಥಿತಿ ಹೇಗಿದೆ ಎಂಬುದು ಕೊನೆಗೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಆ ಕೆಲವು ಗ್ರಾಂ ಬೆಳ್ಳಿಯಲ್ಲಿ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ. ಪಾತ್ರೆ ಕಪ್ಪಾದರೆ ಬೆಳ್ಳಿ ಹೋಯಿತೆಂದು ಅರ್ಥವಲ್ಲ. ಆ ಕಪ್ಪನ್ನು ತೆಗೆಯಲು ಹೋಗಿ ಕಳೆದುಕೊಂಡ ಬೆಳ್ಳಿ ಮಾತ್ರ ಮರಳಿ ಬರುವುದಿಲ್ಲ.

ಈ ಪಾತ್ರೆ ಹಾವೇರಿ ಸೀಮೆಗೆ ಬಂದ ಬಗೆ

ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರ ಪ್ರದೇಶಗಳು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿಗ್ಗಾಂವ ಆಗ ಬಂಕಾಪುರ ತಾಲೂಕಿನ ಕಚೇರಿ ಇದ್ದ ಊರು. ಹಿರೇಕೆರೂರ ಕೋಡ ತಾಲೂಕಿನದು. ನಡುವೆ ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಜನರ ಮನೆಗಳಲ್ಲಿ ಹಾಲು, ಸಕ್ಕರೆ, ಪುಡಿಯನ್ನು ಒಟ್ಟಿಗೆ ಕುದಿಸಿ ಸೋಸುವುದೇ ಚಹಾ. ಆ ಪದ್ಧತಿಗೆ ಟೀಪಾಟು ಬೇಕಾಗುವುದಿಲ್ಲ. ಎಲೆಯ ಮೇಲೆ ಕುದಿನೀರು ಸುರಿದು, ಹಾಲನ್ನು ಬೇರೆಯಾಗಿ ಬಡಿಸುವ ಇಂಗ್ಲಿಷ್ ಕ್ರಮಕ್ಕೆ ಹುಟ್ಟಿಕೊಂಡ ಪಾತ್ರೆ ಇದು. ಬ್ರಿಟಿಷ್ ಭಾರತದಲ್ಲಿ ಇದರ ಬಳಕೆ ಅಧಿಕಾರಿಗಳ ಬಂಗಲೆ, ಕ್ಲಬ್ಬು, ರೈಲ್ವೆಯ ಉಪಾಹಾರ ಗೃಹ, ಸಂಸ್ಥಾನಿಕರ ಮನೆಗಳಲ್ಲಿ ಹೆಚ್ಚು. ಹಳೆಯ ಮನೆಯ ಅಟ್ಟದಿಂದಲೋ ಗುಜರಿ ಅಂಗಡಿಯಿಂದಲೋ ಇಂದು ಕೈಗೆ ಬರುವ ಇಂಥ ಪಾತ್ರೆ ಅಂಥ ಯಾವುದೋ ಮೇಜಿನಿಂದ ಇಳಿದು ಬಂದಿರುವ ಸಾಧ್ಯತೆ ದೊಡ್ಡದು.

ಚಾದಂಗಡಿಯ ಕೆಟಲಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಉರಿಯದು. ಟೀಪಾಟನ್ನು ಒಲೆಯ ಮೇಲೆ ಇಡಬಾರದು. ಅದರ ಸೊಂಡಿಲು, ಹಿಡಿಕೆ, ಕಾಲುಗಳನ್ನು ಹೊಟ್ಟೆಗೆ ಕೂಡಿಸಲು ಹಲವು ಪಾತ್ರೆಗಳಲ್ಲಿ ತವರ-ಸೀಸದ ಬೆಸುಗೆ ಬಳಸಿರುತ್ತಾರೆ. ಈ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ಒಳಗಿನ ನೀರು ಆರಿಹೋದ ಕೆಲವೇ ಕ್ಷಣಗಳಲ್ಲಿ ಸೊಂಡಿಲು ಕಳಚಿ ಬೀಳಬಹುದು.

ಒಳಗಿನ ಲೋಹ

ಲೇಪನದ ಕೆಳಗಿರುವ ಲೋಹ ಯಾವುದೆಂದು ತಿಳಿದರೆ ಪಾತ್ರೆಯ ಕಾಲ, ಗುಣ, ಮುಂದಿನ ಆರೈಕೆ ಮೂರೂ ತಿಳಿಯುತ್ತವೆ. ಹಳೆಯ ಪಾತ್ರೆಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ತಾಮ್ರ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಥಾಮಸ್ ಬೋಲ್ಸೋವರ್ 1740ರ ದಶಕದ ಆರಂಭದಲ್ಲಿ ಬೆಳ್ಳಿ ಮತ್ತು ತಾಮ್ರದ ಗಟ್ಟಿಗಳನ್ನು ಕಾಯಿಸಿ ಬೆಸೆದರೆ ಅವು ಒಂದೇ ಲೋಹದಂತೆ ಹಾಳೆಯಾಗಿ ತಟ್ಟಿಸಿಕೊಳ್ಳುತ್ತವೆ ಎಂಬುದನ್ನು ಕಂಡುಕೊಂಡ. ಆ ಹಾಳೆಯಿಂದ ಮಾಡಿದ ಪಾತ್ರೆಗಳಿಗೆ ಶೆಫೀಲ್ಡ್ ಪ್ಲೇಟ್ ಎಂದು ಹೆಸರು. ಇವುಗಳಲ್ಲಿ ಬೆಳ್ಳಿಯನ್ನು ಪಾತ್ರೆ ಮಾಡಿದ ಮೇಲೆ ಹಚ್ಚಿದ್ದಲ್ಲ. ಹಾಳೆಯಲ್ಲೇ ಅದು ಇತ್ತು. ಕತ್ತರಿಸಿದ ಅಂಚಿನಲ್ಲಿ ತಾಮ್ರ ಕಾಣದಂತೆ ಬೆಳ್ಳಿಯ ತಂತಿ ಅಥವಾ ಮಡಿಕೆಯಿಂದ ಮುಚ್ಚುತ್ತಿದ್ದರು. ಆ ಅಂಚೇ ಇಂಥ ಪಾತ್ರೆಯ ಗುರುತು.

ಎರಡನೆಯದು ಜರ್ಮನ್ ಸಿಲ್ವರ್ ಅಥವಾ ನಿಕ್ಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದ್ದರೂ ಲೋಹದಲ್ಲಿ ಬೆಳ್ಳಿಯ ಕಣವೂ ಇಲ್ಲ. ನೂರಕ್ಕೆ ಸುಮಾರು 60 ಪಾಲು ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಚೀನಾದಿಂದ ಬರುತ್ತಿದ್ದ ಇಂಥದೇ ಬಿಳಿ ಮಿಶ್ರಲೋಹವನ್ನು ನೋಡಿ 19ನೇ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯಲ್ಲಿ ಇದನ್ನು ತಯಾರಿಸಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಲ್ಯುಮಿನಿಯಂ ಪಾತ್ರೆಗೂ ಜರ್ಮನ್ ಪಾತ್ರೆ ಎನ್ನುವುದುಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ; ಒಂದಕ್ಕೆ ಸಲ್ಲುವ ಆರೈಕೆ ಇನ್ನೊಂದಕ್ಕೆ ಸಲ್ಲದು. ನಿಕ್ಕಲ್ ಸಿಲ್ವರ್ ಗಟ್ಟಿಯಾದದ್ದು, ಬಿಳಿಯಾದದ್ದು. ಮೇಲಿನ ಲೇಪನ ಸವೆದರೂ ಥಟ್ಟನೆ ಎದ್ದು ಕಾಣುವುದಿಲ್ಲ. ವಿದ್ಯುತ್ ಲೇಪನದ ಪಾತ್ರೆಗಳಿಗೆ ಇದೇ ಹೆಚ್ಚು ಒಗ್ಗಿದ್ದಕ್ಕೆ ಕಾರಣ ಇದು.

ಮೂರನೆಯದು ಬ್ರಿಟಾನಿಯಾ ಲೋಹ. ತವರ ಪ್ರಧಾನ, ಜೊತೆಗೆ ಆಂಟಿಮನಿ ಮತ್ತು ಸ್ವಲ್ಪ ತಾಮ್ರ. ಇದು ಮೆತ್ತಗಿನ ಲೋಹ. ಬೇಗ ತಗ್ಗು ಬೀಳುತ್ತದೆ, ಕಡಿಮೆ ಶಾಖಕ್ಕೆ ಕರಗುತ್ತದೆ, ಲೇಪನ ಸವೆದ ಕಡೆ ಮಾಸಲು ಬೂದು ಬಣ್ಣ ತೋರುತ್ತದೆ.

ಪಾತ್ರೆಯ ಅಡಿಯಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರಗಳು ಇದನ್ನು ಹೇಳುತ್ತವೆ. ‘ಇ.ಪಿ.ಎನ್.ಎಸ್.’ ಎಂದಿದ್ದರೆ ನಿಕ್ಕಲ್ ಸಿಲ್ವರ್ ಮೇಲೆ ವಿದ್ಯುತ್ ಲೇಪನ, ‘ಇ.ಪಿ.ಬಿ.ಎಂ.’ ಎಂದಿದ್ದರೆ ಬ್ರಿಟಾನಿಯಾ ಲೋಹದ ಮೇಲೆ. ‘ಎ1’ ಎಂಬುದು ಲೇಪನ ದಪ್ಪವೆಂದು ತಯಾರಕ ಹಾಕಿಕೊಂಡ ಗುರುತು. ಇಂಗ್ಲೆಂಡಿನ ಅಸಲು ಬೆಳ್ಳಿ ಪಾತ್ರೆಯ ಮೇಲೆ ನಡೆಯುವ ಸಿಂಹದ ಮುದ್ರೆ ಇರುತ್ತದೆ. ಅದರಲ್ಲಿ 1000ಕ್ಕೆ 925 ಪಾಲು ಬೆಳ್ಳಿ.

ಮುದ್ರೆ ಅಳಿಸಿಹೋಗಿದ್ದರೆ ಒರೆಗಲ್ಲಿಗೆ ಉಜ್ಜುವುದೂ ಆಮ್ಲದ ಹನಿ ಹಾಕುವುದೂ ಸರಿಯಲ್ಲ. ಎರಡರಿಂದಲೂ ಉಳಿದ ಲೇಪನ ಹಾಳಾಗುತ್ತದೆ. ಸಾಂದ್ರತೆ ಅಳೆಯುವುದು ನಿರಪಾಯದ ದಾರಿ. ಪಾತ್ರೆಯನ್ನು ಮೊದಲು ಗಾಳಿಯಲ್ಲಿ, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿನ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 925 ಬೆಳ್ಳಿಗೆ ಅದು ಸುಮಾರು 10.4, ನಿಕ್ಕಲ್ ಸಿಲ್ವರಿಗೆ ಸುಮಾರು 8.7. ಪೊಳ್ಳಾದ ಹಿಡಿಕೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಕಟ್ಟಿಗೆಯ ಹಿಡಿಕೆ ಇರುವ ಪಾತ್ರೆಗೆ ಈ ಪರೀಕ್ಷೆ ಬೇಡ. ಅಯಸ್ಕಾಂತದಿಂದ ತಿಳಿಯುವುದು ಕಡಿಮೆ: ಬೆಳ್ಳಿ, ತಾಮ್ರ, ನಿಕ್ಕಲ್ ಸಿಲ್ವರ್, ತವರ ಯಾವುದೂ ಅದಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಉಕ್ಕಿದೆ ಎಂದಷ್ಟೇ ಅರ್ಥ.

ಲೇಪನ ಕೂರುವ ಬಗೆ

ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲಿ ವಿದ್ಯುತ್ ಲೇಪನದ ಹಕ್ಕುಪತ್ರ ಪಡೆದರು. ಪೊಟ್ಯಾಸಿಯಂ ಸಯನೈಡ್ ದ್ರಾವಣದಲ್ಲಿ ಬೆಳ್ಳಿ ಗಟ್ಟಿಯಾಗಿ, ಸಮನಾಗಿ ಕೂರುತ್ತದೆ ಎಂಬುದನ್ನು ಅವರಿಗೆ ತೋರಿಸಿಕೊಟ್ಟವನು ಅದೇ ಊರಿನ ಶಸ್ತ್ರವೈದ್ಯ ಜಾನ್ ರೈಟ್. ಕೆಲವೇ ದಶಕಗಳಲ್ಲಿ ಶೆಫೀಲ್ಡ್ ಪ್ಲೇಟಿನ ಕಾಲ ಮುಗಿಯಿತು.

ವಿಧಾನ ಹೀಗೆ: ಪಾತ್ರೆಯನ್ನು ದ್ರಾವಣದಲ್ಲಿ ತೂಗುಹಾಕಿ ವಿದ್ಯುತ್ತಿನ ಋಣಧ್ರುವಕ್ಕೆ ಜೋಡಿಸುತ್ತಾರೆ. ಧನಧ್ರುವಕ್ಕೆ ಬೆಳ್ಳಿಯ ತಗಡು. ವಿದ್ಯುತ್ ಹರಿದಾಗ ತಗಡಿನ ಬೆಳ್ಳಿ ಅಯಾನುಗಳಾಗಿ ದ್ರಾವಣಕ್ಕೆ ಇಳಿಯುತ್ತದೆ; ದ್ರಾವಣದಲ್ಲಿನ ಬೆಳ್ಳಿ ಪಾತ್ರೆಯ ಮೈಮೇಲೆ ಎಲೆಕ್ಟ್ರಾನ್ ಪಡೆದು ಲೋಹವಾಗಿ ಕೂರುತ್ತದೆ. ಒಂದು ಆಂಪಿಯರ್ ಪ್ರವಾಹ ಒಂದು ಸೆಕೆಂಡಿನಲ್ಲಿ 1.118 ಮಿಲಿಗ್ರಾಂ ಬೆಳ್ಳಿಯನ್ನು ಕೂಡಿಸುತ್ತದೆ. ಈ ಸಂಬಂಧ ಎಷ್ಟು ನಿಖರವೆಂದರೆ, 1908ರ ಲಂಡನ್ ಸಮ್ಮೇಳನ ಅಂತರರಾಷ್ಟ್ರೀಯ ಆಂಪಿಯರನ್ನು ಇದೇ ಅಂಕಿಯಿಂದ ವ್ಯಾಖ್ಯಾನಿಸಿತು.

ಈ ಅಂಕಿಯಿಂದಲೇ ಒಂದು ಟೀಪಾಟಿನ ಲೆಕ್ಕ ಹಾಕಬಹುದು. ಹೊರಮೈ 700 ಚದರ ಸೆಂಟಿಮೀಟರ್, ಲೇಪನ 20 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ ದಪ್ಪ ಎಂದುಕೊಂಡರೆ, ಅದರಲ್ಲಿರುವ ಬೆಳ್ಳಿ 1.4 ಘನ ಸೆಂಟಿಮೀಟರ್, ತೂಕ ಸುಮಾರು 14.7 ಗ್ರಾಂ. ಅದನ್ನು ಕೂಡಿಸಲು ಒಂದು ಆಂಪಿಯರ್ ಪ್ರವಾಹಕ್ಕೆ ಸುಮಾರು 3 ಗಂಟೆ 40 ನಿಮಿಷ ಬೇಕು. ಅಗ್ಗದ ಪಾತ್ರೆಯ ಲೇಪನ 5 ಮೈಕ್ರೊಮೀಟರ್ ಆಗಿದ್ದರೆ ಬೆಳ್ಳಿ 3.7 ಗ್ರಾಂ ಮಾತ್ರ. ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ನೋಟಕ್ಕೆ ಎರಡೂ ಒಂದೇ. ವ್ಯತ್ಯಾಸ ಹೊರಬೀಳುವುದು ವರ್ಷಗಳ ನಂತರ.

ಪದರ ಇಷ್ಟು ತೆಳುವಾದರೂ ಅದರ ಕೆಲಸ ದೊಡ್ಡದು. ಬೆಳಕನ್ನು ಬೆಳ್ಳಿಯಷ್ಟು ಚೆನ್ನಾಗಿ ಹಿಂದಿರುಗಿಸುವ ಲೋಹ ಇನ್ನೊಂದಿಲ್ಲ. ಶಾಖದ ಕಿರಣಗಳ ವಿಷಯದಲ್ಲೂ ಹೀಗೆಯೇ: ಹೊಳೆಯುವ ಬೆಳ್ಳಿಯ ಮೈಯಿಂದ ಶಾಖ ಕಿರಣವಾಗಿ ಹೊರಹೋಗುವುದು ತೀರ ಕಡಿಮೆ. ಆದರೆ ಲೋಹದ ಗೋಡೆಯ ಮೂಲಕ ಶಾಖ ಸುಲಭವಾಗಿ ಹರಿಯುತ್ತದೆ. ಹಿಡಿಕೆ ಸುಡದಿರಲೆಂದು ಅದನ್ನು ಕಟ್ಟಿಗೆಯಿಂದ ಮಾಡುತ್ತಿದ್ದರು, ಇಲ್ಲವೇ ಲೋಹದ ಹಿಡಿಕೆಯ ಎರಡೂ ತುದಿಗೆ ದಂತ, ಎಲುಬು ಅಥವಾ ಬೇಕಲೈಟಿನ ಬಿಲ್ಲೆ ಸೇರಿಸುತ್ತಿದ್ದರು.

ಕಪ್ಪು

ಬೆಳ್ಳಿಗೆ ಗಾಳಿಯ ಆಮ್ಲಜನಕದಿಂದ ಸಾಮಾನ್ಯ ಉಷ್ಣತೆಯಲ್ಲಿ ತುಕ್ಕು ಹಿಡಿಯುವುದಿಲ್ಲ. ಅದನ್ನು ಕಪ್ಪಾಗಿಸುವುದು ಗಂಧಕ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್, ಆಮ್ಲಜನಕ ಮತ್ತು ತೇವದ ಜೊತೆ ಸೇರಿ ಬೆಳ್ಳಿಯ ಮೇಲ್ಮೈಯನ್ನು ಬೆಳ್ಳಿ ಸಲ್ಫೈಡಾಗಿ ಮಾರ್ಪಡಿಸುತ್ತದೆ. ಪದರ ಬೆಳೆದಂತೆ ಬಣ್ಣ ಬದಲಾಗುತ್ತದೆ: ಮೊದಲು ತಿಳಿಹಳದಿ, ಆಮೇಲೆ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ನಡುವಿನ ಬಣ್ಣಗಳು ಹುಟ್ಟುವುದು ತೆಳುಪದರದ ಎರಡೂ ಮೈಗಳಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆಯುವುದರಿಂದ.

ಗಂಧಕದ ಮೂಲಗಳು ಮನೆಯ ಸುತ್ತಲೇ ಇವೆ. ಮೊಟ್ಟೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉಣ್ಣೆ ಬಟ್ಟೆ, ರಬ್ಬರು, ಕಲ್ಲಿದ್ದಲ ಹೊಗೆ, ಕೊಳಚೆ ಗುಂಡಿ, ಗೋಬರ್ ಗ್ಯಾಸ್ ಎಲ್ಲದರಿಂದಲೂ ಗಂಧಕದ ಸಂಯುಕ್ತಗಳು ಹೊರಬರುತ್ತವೆ. ತೇವ ಇದಕ್ಕೆ ವೇಗ ಕೊಡುತ್ತದೆ. ಶಿಗ್ಗಾಂವ ಮತ್ತು ಹಾನಗಲ್ಲ ಮಲೆನಾಡಿನ ಅಂಚಿನ ಊರುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ದಿನಗಳಲ್ಲಿ ಬೆಳ್ಳಿ ಬೇಸಿಗೆಗಿಂತ ಬೇಗ ಮಸಕಾಗುತ್ತದೆ. ದೇವರ ಮನೆಯ ಬೆಳ್ಳಿ ಸಮೆ, ಆರತಿ ತಟ್ಟೆ, ಇಷ್ಟಲಿಂಗದ ಬೆಳ್ಳಿ ಕರಡಿಗೆ ಕಪ್ಪಾಗುವುದೂ ಇದೇ ಕಾರಣಕ್ಕೆ.

ಈ ಕಪ್ಪಿನಲ್ಲಿ ಎಷ್ಟು ಬೆಳ್ಳಿ ಸೇರಿಹೋಗಿದೆ ಎಂಬ ಲೆಕ್ಕ ಮುಖ್ಯ. ಬೆಳ್ಳಿ ಸಲ್ಫೈಡಿನ ತೂಕದಲ್ಲಿ 87 ಶೇಕಡಾ ಬೆಳ್ಳಿಯೇ. ಪಾತ್ರೆ ಚೆನ್ನಾಗಿ ಕಪ್ಪಾಗಲು ಮೈಕ್ರೊಮೀಟರಿನ ಹತ್ತನೆಯ ಒಂದು ಭಾಗ ದಪ್ಪದ ಸಲ್ಫೈಡ್ ಸಾಕು. ಅದಕ್ಕೆ ಬಳಕೆಯಾಗುವ ಬೆಳ್ಳಿ ಸುಮಾರು 0.06 ಮೈಕ್ರೊಮೀಟರ್, ಅಂದರೆ 20 ಮೈಕ್ರೊಮೀಟರ್ ಲೇಪನದ ಮುನ್ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಇದ್ದಲಿನಂತೆ ಕಂಡ ಟೀಪಾಟಿನಲ್ಲೂ ಬೆಳ್ಳಿ ಹೆಚ್ಚುಕಡಿಮೆ ಪೂರ್ತಿ ಇರಬಹುದು. ಕಪ್ಪು ನೋಡಿ ಪಾತ್ರೆಯನ್ನು ಗುಜರಿಗೆ ಹಾಕುವುದು ದುಡುಕು.

ಸವೆತ ಮತ್ತು ಇತರ ಹಾನಿ

ನಿಜವಾದ ಹಾನಿ ಸವೆತ. ಅದು ಎಲ್ಲ ಕಡೆ ಒಂದೇ ಸಮನಾಗಿ ಆಗುವುದಿಲ್ಲ. ಹಿಡಿಕೆಯ ಮೇಲ್ಭಾಗ, ಮುಚ್ಚಳದ ಗುಬ್ಬಿ, ಸೊಂಡಿಲಿನ ತುದಿ, ಕಾಲುಗಳ ಅಡಿ, ಉಬ್ಬು ನಕ್ಕಾಶಿಯ ಏರುಗಳು ಮೊದಲು ಸವೆಯುತ್ತವೆ. ಕೈ ಹೆಚ್ಚು ತಾಗುವುದೂ ಬಟ್ಟೆ ಹೆಚ್ಚು ಒತ್ತುವುದೂ ಅಲ್ಲೇ. ತಾಮ್ರದ ಪಾತ್ರೆಯಲ್ಲಿ ಅಲ್ಲಿ ಕೆಂಪು ಇಣುಕುತ್ತದೆ. ನಿಕ್ಕಲ್ ಸಿಲ್ವರಿನಲ್ಲಿ ತುಸು ಹಳದಿ ಬೆರೆತ ಬೂದು ಬಣ್ಣ. ಹಗಲು ಬೆಳಕಿನಲ್ಲಿ, ಸವೆಯದ ಭಾಗದ ಪಕ್ಕದಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ.

ಈ ಭಾಗದ ಜನರಿಗೆ ಕಲಾಯಿ ಪರಿಚಿತ. ಹಿತ್ತಾಳೆ, ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಒಳಮೈಗೆ ಒರೆಸುವ ಆ ಕೆಲಸವೂ ಲೇಪನವೇ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಪದಾರ್ಥ ಕೆಡುವಂತೆ, ಬೆಳ್ಳಿ ಹೋದ ಜಾಗದಲ್ಲೂ ಒಳಗಿನ ಲೋಹ ತೆರೆದುಕೊಳ್ಳುತ್ತದೆ. ಆದರೆ ಕಲಾಯಿಯನ್ನು ಮತ್ತೆ ಮತ್ತೆ ಹಾಕಿಸುವುದು ಸಹಜ ಕ್ರಮ. ಬೆಳ್ಳಿ ಲೇಪನಕ್ಕೆ ಅದು ಕಡೆಯ ಉಪಾಯ.

ಲೇಪನದಲ್ಲಿ ಸೂಕ್ಷ್ಮ ರಂಧ್ರಗಳಿದ್ದರೆ ಅಥವಾ ಗೀರು ಬಿದ್ದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಬೆಳ್ಳಿಗಿಂತ ತಾಮ್ರ, ನಿಕ್ಕಲ್, ಸತು, ತವರ ಬೇಗ ಕ್ರಿಯೆಗೆ ಒಳಗಾಗುವ ಲೋಹಗಳು. ತೇವ ಮತ್ತು ಉಪ್ಪು ಸೇರಿದಾಗ ಎರಡು ಲೋಹಗಳ ನಡುವೆ ಪುಟ್ಟ ವಿದ್ಯುತ್ಕೋಶ ಏರ್ಪಟ್ಟು, ಸವೆತವೆಲ್ಲ ಆ ರಂಧ್ರದ ಬುಡದಲ್ಲಿ ನಡೆಯುತ್ತದೆ. ಅದರ ಫಲ ಹಸಿರು ಕಿಲುಬು, ಗುಳಿ, ಬೊಬ್ಬೆಯಂತೆ ಮೇಲೆದ್ದ ಲೇಪನ. ಬೊಬ್ಬೆ ಎದ್ದ ಕಡೆ ಒತ್ತಿದರೆ ಬೆಳ್ಳಿ ಹಕ್ಕಳೆಯಾಗಿ ಉದುರುತ್ತದೆ.

ಉಳಿದ ಪರೀಕ್ಷೆ ಕಟ್ಟುಮಟ್ಟಿನದು. ನೀರು ತುಂಬಿಸಿ ಒಣಗಿದ ಕಾಗದದ ಮೇಲಿಟ್ಟರೆ ಸೋರಿಕೆ ತಿಳಿಯುತ್ತದೆ. ಸೋರುವುದು ಹೆಚ್ಚಾಗಿ ಸೊಂಡಿಲಿನ ಬೆಸುಗೆಯ ಬಳಿ. ಮುಚ್ಚಳ ಎತ್ತಿ ಇಳಿಸಿ ಬಿಜಾಗರಿಯ ಮೊಳೆ ಸವೆದಿದೆಯೇ ನೋಡಬೇಕು. ಹಿಡಿಕೆ ಅಲುಗಾಡಿದರೆ ಬಿಲ್ಲೆಗಳು ಬಿರುಕು ಬಿಟ್ಟಿರಬಹುದು. ಹೊಟ್ಟೆಯ ಮೇಲೆ ಕೊರೆದ ಅಕ್ಷರಗಳನ್ನು ಅಳಿಸಿ ತೆಗೆದಿದ್ದರೆ ಆ ಜಾಗದ ಲೋಹ ತೆಳುವಾಗಿ, ಬೆರಳಿಗೆ ಒತ್ತಿಕೊಳ್ಳುತ್ತದೆ.

ಒಳಮೈಯಲ್ಲಿ ಕಾಣುವ ಕಂದು ಪೊರೆ ಬೆಳ್ಳಿಯ ಕಪ್ಪಲ್ಲ. ಚಹಾದ ಪಾಲಿಫಿನಾಲುಗಳು ಗಾಳಿಯ ಆಮ್ಲಜನಕದೊಡನೆ ಮತ್ತು ನೀರಿನ ಕ್ಯಾಲ್ಸಿಯಂನೊಡನೆ ಸೇರಿ ಆದ ಕಲೆ ಅದು. ಕೊಳವೆಬಾವಿಯ ಗಡಸು ನೀರಿನಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ, ಜೊತೆಗೆ ಬಿಳಿಯ ಸುಣ್ಣದ ಪೊರೆಯೂ ಬರುತ್ತದೆ.

ಶುಚಿಗೊಳಿಸುವ ಕ್ರಮ

ಮೊದಲ ಹೆಜ್ಜೆ ಉಗುರುಬೆಚ್ಚನೆಯ ನೀರು, ಮೆದು ಸಾಬೂನು, ಹಳೆಯ ಹತ್ತಿ ಬಟ್ಟೆ. ಎಣ್ಣೆ ಜಿಡ್ಡು, ಧೂಳು ಹೋದ ಮೇಲೆ ಉಳಿದ ಕಪ್ಪು ಎಷ್ಟೆಂದು ಸರಿಯಾಗಿ ಕಾಣುತ್ತದೆ. ತೊಳೆದ ಕೂಡಲೇ ಪೂರ್ತಿ ಒರೆಸಬೇಕು, ಮುಖ್ಯವಾಗಿ ಬಿಜಾಗರಿಯ ಸಂದು ಮತ್ತು ಸೊಂಡಿಲಿನ ಒಳಗೆ.

ಒಳಗಿನ ಚಹಾ ಕಲೆಗೆ ಬಿಸಿನೀರಿನಲ್ಲಿ ಒಂದೆರಡು ಚಮಚ ಅಡುಗೆ ಸೋಡಾ ಕರಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕಾಗುತ್ತದೆ. ಸುಣ್ಣದ ಪೊರೆಗೆ ತೆಳುವಾದ ನಿಂಬೆ ಹುಳಿಯ ನೀರನ್ನು ಕೆಲವೇ ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಒಳಗಿನ ಲೇಪನ ಸವೆದಿದ್ದರೆ ಹುಳಿ ಬಳಸಬಾರದು. ಬಟ್ಟೆ ಬಿಳುಪಾಗಿಸುವ ಕ್ಲೋರಿನ್ ದ್ರಾವಣ ಮತ್ತು ಉಪ್ಪು ಎರಡೂ ವರ್ಜ್ಯ.

ಹೊರಗಿನ ಕಪ್ಪಿಗೆ ಎರಡು ಬಗೆಯ ಉಪಾಯಗಳಿವೆ. ಒಂದು ಉಜ್ಜುವುದು. ಇಲ್ಲಿ ಪುಡಿಯ ಗಡಸುತನವೇ ಎಲ್ಲ. ಮೋಸ್ ಅಳತೆಯಲ್ಲಿ ಬೆಳ್ಳಿಯ ಗಡಸುತನ 2.5ರಿಂದ 3, ಸೀಮೆಸುಣ್ಣದ ಕ್ಯಾಲ್ಸಿಯಂ ಕಾರ್ಬೊನೇಟ್ 3, ಮರಳಿನ ಸಿಲಿಕಾ 7. ನುಣುಪಾದ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಹತ್ತಿ ಬಟ್ಟೆಯಿಂದ ಹಗುರವಾಗಿ ಉಜ್ಜಿದರೆ ಹಾನಿ ಅತಿ ಕಡಿಮೆ. ಇಟ್ಟಿಗೆ ಪುಡಿ, ಒಲೆಯ ಬೂದಿ, ಪಾತ್ರೆ ತಿಕ್ಕುವ ಒರಟು ಪುಡಿ, ಉಕ್ಕಿನ ನಾರು ಲೇಪನವನ್ನು ಗೀರಿ ತೆಗೆಯುತ್ತವೆ. ಮನೆಗಳಲ್ಲಿ ಬೆಳ್ಳಿಗೆ ವಿಭೂತಿ ಹಚ್ಚಿ ಉಜ್ಜುವ ರೂಢಿ ಇದೆ. ಗಟ್ಟಿ ಬೆಳ್ಳಿಯ ಸಮೆ ಅದನ್ನು ತಡೆಯುತ್ತದೆ, ಏಕೆಂದರೆ ಸವೆದರೂ ಕೆಳಗೆ ಬೆಳ್ಳಿಯೇ ಇದೆ. ಹುಲ್ಲು ತಿಂದ ದನದ ಸಗಣಿಯ ಬೂದಿಯಲ್ಲಿ ಸಿಲಿಕಾ ಇರುವುದರಿಂದ ಲೇಪನದ ಪಾತ್ರೆಗೆ ವಿಭೂತಿ ಬೇಡ. ತಾಮ್ರ, ಹಿತ್ತಾಳೆಗೆ ಒಗ್ಗುವ ಹುಣಸೆಹಣ್ಣು ಬೆಳ್ಳಿ ಸಲ್ಫೈಡನ್ನು ಕರಗಿಸುವುದಿಲ್ಲ. ಸವೆದ ಜಾಗದ ತಾಮ್ರವನ್ನು ಮಾತ್ರ ಕೊರೆಯುತ್ತದೆ.

ಎರಡನೆಯ ಉಪಾಯ ಕಪ್ಪನ್ನು ತಿರುಗಿ ಬೆಳ್ಳಿಯಾಗಿಸುವುದು. ಬೋಗುಣಿಯಲ್ಲಿ ಅಲ್ಯುಮಿನಿಯಂ ಹಾಳೆ ಹಾಸಿ, ಪಾತ್ರೆಯನ್ನು ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಕರಗಿಸಿದ ಬಿಸಿನೀರು ಸುರಿದರೆ ಅಲ್ಯುಮಿನಿಯಂ ಎಲೆಕ್ಟ್ರಾನುಗಳನ್ನು ಕೊಡುತ್ತದೆ, ಸಲ್ಫೈಡಿನಲ್ಲಿದ್ದ ಬೆಳ್ಳಿ ಅವನ್ನು ಪಡೆದು ಮತ್ತೆ ಲೋಹವಾಗುತ್ತದೆ. ಬಿಡುಗಡೆಯಾದ ಗಂಧಕದ ಒಂದು ಭಾಗ ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿ ಹೋಗುತ್ತದೆ. ಕಿಟಕಿ ತೆರೆದಿರಬೇಕು. ಉಜ್ಜುವುದರಲ್ಲಿ ಕಳೆದುಹೋಗುವ ಬೆಳ್ಳಿ ಇಲ್ಲಿ ಪಾತ್ರೆಯ ಮೇಲೆಯೇ ಉಳಿಯುತ್ತದೆ. ಹಾಗೆಂದು ಇದು ದೋಷರಹಿತವಲ್ಲ: ಮರಳಿದ ಬೆಳ್ಳಿ ಸ್ವಲ್ಪ ಮಸಕಾಗಿ, ಸಡಿಲವಾಗಿ ಕೂರುವುದರಿಂದ ಮೆದು ಬಟ್ಟೆಯಿಂದ ಒಮ್ಮೆ ಒರೆಸಬೇಕಾಗುತ್ತದೆ. ಕಟ್ಟಿಗೆ, ದಂತದ ಭಾಗಗಳಿರುವ, ಪೊಳ್ಳು ಹಿಡಿಕೆಯ, ಬೊಬ್ಬೆ ಎದ್ದ ಪಾತ್ರೆಗಳನ್ನು ಹೀಗೆ ಮುಳುಗಿಸಬಾರದು. ನಕ್ಕಾಶಿಯ ತಗ್ಗುಗಳಲ್ಲಿ ಕುಶಲಕರ್ಮಿ ಬೇಕೆಂದೇ ಉಳಿಸಿದ ಕಪ್ಪೂ ಇದರಲ್ಲಿ ಹೋಗುತ್ತದೆ.

ಅದ್ದಿದ ಕೂಡಲೇ ಹೊಳಪು ಕೊಡುವ ಸಿದ್ಧ ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ. ಅವು ಸಲ್ಫೈಡನ್ನು ಬೆಳ್ಳಿಯ ಸಮೇತ ಕರಗಿಸಿಕೊಂಡು ಹೋಗುತ್ತವೆ. ತೆಳು ಲೇಪನದ ಪಾತ್ರೆಗೆ ಅವು ತಕ್ಕವಲ್ಲ.

ಇಡುವುದು, ಬಳಸುವುದು, ಮರುಲೇಪನ

ಕಪ್ಪು ಬಾರದಂತೆ ತಡೆದಷ್ಟೂ ಉಜ್ಜುವ ಸಂದರ್ಭ ಕಡಿಮೆಯಾಗುತ್ತದೆ. ಪೂರ್ತಿ ಒಣಗಿದ ಪಾತ್ರೆಯನ್ನು ಗಂಜಿ ಇಲ್ಲದ, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಚೀಟಿಯೊಂದಿಗೆ ಮುಚ್ಚುವ ಪಾಲಿಥಿನ್ ಚೀಲದಲ್ಲಿ ಇಡಬೇಕು. ಮಳೆಗಾಲದ ಕೊನೆಗೆ ಜೆಲ್ ಬದಲಿಸುವುದು ಒಳ್ಳೆಯದು. ರಬ್ಬರ್ ಬ್ಯಾಂಡ್, ಉಣ್ಣೆ, ಸುದ್ದಿಪತ್ರಿಕೆ ತಾಗಬಾರದು. ಅಡುಗೆಮನೆ, ಕೊಟ್ಟಿಗೆ, ಗೋಬರ್ ಗ್ಯಾಸ್ ಗುಂಡಿಗಳಿಂದ ದೂರದ ಕೋಣೆ ಉತ್ತಮ.

ಒಳಗಿನ ಲೇಪನ ಪೂರ್ತಿ ಇದ್ದರೆ ಪಾತ್ರೆಯಲ್ಲಿ ಚಹಾ ಬಡಿಸಬಹುದು. ಚಹಾವನ್ನು ಗಂಟೆಗಟ್ಟಲೆ ಬಿಡದೆ, ಮುಗಿದ ಕೂಡಲೇ ತೊಳೆಯಬೇಕು. ಒಳಗೆ ತಾಮ್ರದ ಕೆಂಪು, ಹಸಿರು ಕಿಲುಬು ಅಥವಾ ಬೆಸುಗೆಯ ಬೂದುಗೆರೆ ಕಂಡರೆ ಕುಡಿಯಲು ಬಳಸಬಾರದು. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಸೀಸದ ಸೇವನೆಗೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ.

ಮರುಲೇಪನ ನುರಿತ ಪ್ಲೇಟಿಂಗ್ ಕಾರ್ಖಾನೆಯ ಕೆಲಸ. ಹಳೆಯ ಬೆಳ್ಳಿಯನ್ನು ತೆಗೆದು, ತಗ್ಗು ತಟ್ಟಿ, ಬೆಸುಗೆ ಸರಿಪಡಿಸಿ, ಮೈ ನುಣುಪಾಗಿಸಿ ಮತ್ತೆ ಲೇಪಿಸುತ್ತಾರೆ. ಸಯನೈಡ್ ಮಾರಕ ವಿಷವಾದ್ದರಿಂದ ಇದನ್ನು ಮನೆಯಲ್ಲಿ ಪ್ರಯತ್ನಿಸಲೇಬಾರದು. ನುಣುಪಾಗಿಸುವಾಗ ನಕ್ಕಾಶಿಯ ಚೂಪು ಮತ್ತು ತಯಾರಕನ ಮುದ್ರೆ ಮಸುಕಾಗುತ್ತವೆ. ದಿನಬಳಕೆಗೆ ಬೇಕಾದ ಸಾಧಾರಣ ನಿಕ್ಕಲ್ ಸಿಲ್ವರ್ ಪಾತ್ರೆಗೆ ಮರುಲೇಪನ ತಕ್ಕ ಉಪಾಯ. ಶೆಫೀಲ್ಡ್ ಪ್ಲೇಟಿಗೆ ಮಾತ್ರ ಅದನ್ನು ಮಾಡಿಸಬಾರದು, ಏಕೆಂದರೆ ಹಾಳೆಯಲ್ಲೇ ಬೆಸೆದ ಹಳೆಯ ಬೆಳ್ಳಿಯೇ ಅದರ ಮೌಲ್ಯ. ಪತ್ತಾರರಲ್ಲಿಗೆ ಒಯ್ಯುವ ಮುಂಚೆ ಅಡಿಯ ಮುದ್ರೆ, ಅಂಚಿನ ಕಟ್ಟು, ಸವೆದ ಜಾಗದ ಬಣ್ಣ ಈ ಮೂರನ್ನು ನೋಡಿಕೊಂಡರೆ, ತೊಳೆದು ಇಡಬೇಕೋ, ಕಪ್ಪು ತೆಗೆಯಬೇಕೋ, ಮರುಲೇಪನ ಮಾಡಿಸಬೇಕೋ ಎಂಬುದು ನಿರ್ಧಾರವಾಗುತ್ತದೆ.